ಇನ್ನೂರ ಎಂಬತ್ತಾರು ಸೆಟ್

ನಂಜನಗೂಡು
8 ಸೆಪ್ಟೆಂಬರ್ 2025

ಶ್ರೀಮತಿ ಸಿದ್ದಲಿಂಗಮ್ಮನವರಿಗೆ ನಮಸ್ಕಾರ.

ಮೊನ್ನೆ ಫೋನ್ ಮಾಡಿದವಳು ನಾನೇ. "ಸ್ಟೋರಿನ ವಿಷ್ಯ ಫೋನಲ್ಲಿ ಮಾತಾಡಲ್ಲ, ಕಾಗ್ದದಲ್ಲಿ ಬರೀರಿ" ಎಂದು ನೀವು ಇಟ್ಟುಬಿಟ್ಟಿರಿ. ಮೊದಲು ಸಿಟ್ಟು ಬಂತು. ಆಮೇಲೆ, ನಾನು ಹೇಳಬೇಕೆಂದಿದ್ದದ್ದು ಫೋನಿಗೆ ಉದ್ದವೇ ಆಗುತ್ತಿತ್ತು ಅನ್ನಿಸಿತು.

ನನ್ನ ಹೆಸರು ಹಂಸಾ. ಇಲ್ಲಿ ನಲವತ್ತು ಹಾಸಿಗೆಯ ಆಸ್ಪತ್ರೆಯೊಂದರ ಆಡಳಿತ ನೋಡಿಕೊಳ್ಳುತ್ತೇನೆ. ನಿಮ್ಮ ಟ್ರಸ್ಟ್ ಆಸ್ಪತ್ರೆಯ ಹಾಗೆ ನಮ್ಮಲ್ಲೂ ಡಯಾಲಿಸಿಸ್ ಇದೆ. ರೋಗಿಯ ರಕ್ತವನ್ನು ಮೆಷಿನ್‌ಗೆ ಒಯ್ದು ಮರಳಿ ತರುವ ಟ್ಯೂಬ್ ಸೆಟ್ ನಿಮಗೆ ಗೊತ್ತೇ ಇದೆ, ಒಬ್ಬರಿಗೆ ಒಂದು ಸಲಕ್ಕೆ ಒಂದು ಬೇಕು. ಹೋದ ತಿಂಗಳು ಚಾಮರಾಜನಗರದ ಆಸ್ಪತ್ರೆಯವರ ಬಿಲ್ಲೊಂದು ಅಕಸ್ಮಾತ್ ನನ್ನ ಕಣ್ಣಿಗೆ ಬಿತ್ತು. ಅದೇ ಕಂಪನಿ, ಅದೇ ಡಬ್ಬ. ಅವರು ನಮಗಿಂತ ಕಡಿಮೆ ಕೊಡುತ್ತಿದ್ದಾರೆ! ಗುಂಡ್ಲುಪೇಟೆಗೆ ಕೇಳಿದೆ, ಅವರು ನಮಗಿಂತ ಹೆಚ್ಚು. ಕೊಳ್ಳೇಗಾಲಕ್ಕೆ ಇನ್ನೊಂದು ದರ. ನಾನು ಕುರ್ಚಿ ಬಿಟ್ಟು ಎದ್ದು ನಿಂತೆ. ಇಷ್ಟು ವರ್ಷ ಒಬ್ಬೊಬ್ಬರೇ ಹೋಗಿ ಕೇಳಿದ್ದೇ ನಮ್ಮ ತಪ್ಪಲ್ಲವೇ?

ನಾಲ್ಕು ಕಡೆಯವರು ಒಪ್ಪಿದ್ದಾರೆ. ಹುಲ್ಲಹಳ್ಳಿಯ ನರ್ಸಿಂಗ್ ಹೋಮ್‌ನಲ್ಲಿ ಡಯಾಲಿಸಿಸ್ ಇಲ್ಲ, ಆದರೂ ಗ್ಲೌಸ್ ಮತ್ತು ಡ್ರಿಪ್ ಬಾಟಲಿಗಾಗಿ ಸೇರುತ್ತಾರಂತೆ. ನೀವೂ ಬಂದರೆ ಆರು. ಆರು ಆಸ್ಪತ್ರೆ, ಒಂದೇ ಆರ್ಡರ್, ಒಂದೇ ದರ. ನಿಮ್ಮ ಅಧ್ಯಕ್ಷರನ್ನು ಕೇಳಿದರೆ "ಸಿದ್ದಲಿಂಗಮ್ಮ ಒಪ್ಪಿದ್ರೆ ನಂದೇನಿಲ್ಲ" ಎಂದರು. ಒಪ್ಪುತ್ತೀರಾ?

ಇಂತಿ,
ಹಂಸಾ


ತಿ. ನರಸೀಪುರ
13 ಸೆಪ್ಟೆಂಬರ್ 2025

ಹಂಸಾ ಮೇಡಂ ಅವರಿಗೆ,

ಕಾಗದ ಬಂತು. ಫೋನ್ ಇಟ್ಟದ್ದಕ್ಕೆ ಬೇಸರ ಬೇಡ. ಇಪ್ಪತ್ತೇಳು ವರ್ಷದಿಂದ ಸ್ಟೋರಿನಲ್ಲಿದ್ದೇನೆ. ಫೋನಿನಲ್ಲಿ ತರಿಸು ಅಂದವರೇ ಸರಕು ಬಂದ ಮೇಲೆ "ನಾನೆಲ್ಲಮ್ಮ ಹೇಳ್ದೆ?" ಅಂದದ್ದು ಮೂರು ಸಲ. ಅವತ್ತಿನಿಂದ ನಂದು ಕಾಗದವೇ.

ಸೇರಿ ಕೊಳ್ಳುವುದು ನಮಗೆ ಹೊಸದಲ್ಲ. ನಮ್ಮ ಬೀದಿ ಹೆಂಗಸರು ವರ್ಷಕ್ಕೊಮ್ಮೆ ಒಣಮೆಣಸಿನಕಾಯಿ ಮೂಟೆ ತರಿಸಿ ಹಂಚಿಕೊಳ್ಳುತ್ತೇವೆ. ತರಿಸುವಾಗ ಎಲ್ಲರೂ ಅಕ್ಕತಂಗಿಯರು. ಜಗಳ ಬರುವುದು ಹಂಚುವಾಗ. ಅದನ್ನು ನೆನಪಿಡಿ.

ನಮ್ಮ ಕಡೆಯ ವಿಚಾರವನ್ನೂ ಹೇಳಿಬಿಡುತ್ತೇನೆ. ಮೂರು ಮೆಷಿನ್, ಹನ್ನೊಂದು ಜನ, ಒಬ್ಬೊಬ್ಬರಿಗೆ ವಾರಕ್ಕೆ ಎರಡು ಸಲ. ಅಧ್ಯಕ್ಷರು ದೊಡ್ಡಸಿದ್ದಯ್ಯನವರು ಅಕ್ಕಿ ಗಿರಣಿ ನಡೆಸುವವರು, ಕೆಟ್ಟವರಲ್ಲ. ಆದರೆ ಹೋದ ಮೀಟಿಂಗಿನಲ್ಲಿ ನನ್ನ ಮುಖಕ್ಕೇ ಹೇಳಿದರು: "ಒಂದೊಂದ್ ಸಲದ ಖರ್ಚು ಇಳೀಲಿಲ್ಲ ಅಂದ್ರೆ ಜನವರಿಗೆ ಮೆಷಿನ್ ಮಾರ್ಬುಡ್ತೀವಿ ಕಣಮ್ಮ. ಇಡೀ ಆಸ್ಪತ್ರೆ ಮುಳುಗೋದು ಬ್ಯಾಡ." ಮೀಟಿಂಗು ಜನವರಿ ಹದಿನೇಳಕ್ಕೆ.

ಮಾರಿದರೆ ಹನ್ನೊಂದು ಜನವೂ ಮೈಸೂರಿಗೆ ಹೋಗಬೇಕು. ಹೂ ಕಟ್ಟಿ ಮಾರುವ ಮಂಗಳಮ್ಮ "ಮೈಸೂರು ಅಂದ್ರೆ ನಾನು ಓಗಲ್ಲ ಕಣಕ್ಕ, ಎಷ್ಟ್ ದಿನ ಇರ್ತೀನೋ ಮನೇಲೇ ಇರ್ತೀನಿ" ಅಂದಳು. ಅಂದರೆ ಏನು ಅಂತ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಕಿಟಕಿ ಪಕ್ಕದ ಮೆಷಿನ್‌ನವರೊಬ್ಬರಿಗೆ ಎಲ್ಲದರಲ್ಲೂ ತಮಾಷೆ. "ಮೈಸೂರಿಂದ ಬಸ್ಸಲ್ಲಿ ವಾಪಸ್ ಬರೋ ಒತ್ಗೆ ಶುದ್ಧ ಮಾಡಿದ ರಕ್ತ ಆ ಧೂಳಲ್ಲೇ ಕೆಟ್ಟೋಯ್ತದೆ" ಅನ್ನುತ್ತಾರೆ.

ಒಪ್ಪಿದ್ದೇನೆ. ನಮ್ಮ ಲ್ಯಾಬಿನ ರಕ್ತದ ಸ್ಯಾಂಪಲ್ ದಿನಾ ಬೆಳಗಿನ ಬಸ್ಸಿನಲ್ಲಿ ನಂಜನಗೂಡಿಗೆ ಬರುತ್ತದೆ, ಐಸ್ ಡಬ್ಬದಲ್ಲಿ. ಕಂಡಕ್ಟರ್ ರಂಗಸ್ವಾಮಿ ನಂಬಿಕೆಯವನು. ಇನ್ನು ಮೇಲೆ ಕಾಗದ ಅದರಲ್ಲೇ ಹೋಗಲಿ, ಬರಲಿ.

ಸಿದ್ದಲಿಂಗಮ್ಮ, ಸ್ಟೋರ್ ಕೀಪರ್


ನಂಜನಗೂಡು
17 ಸೆಪ್ಟೆಂಬರ್ 2025

ಪ್ರಿಯ ಸಿದ್ದಲಿಂಗಮ್ಮನವರೇ,

ನಿಮ್ಮ ಕಾಗದ ಐಸಿನ ತಂಪಿನಲ್ಲೇ ಬಂತು. ರಂಗಸ್ವಾಮಿ "ಮೇಡಂ, ಸ್ಯಾಂಪಲ್ ಲ್ಯಾಬ್ಗೆ, ಕಾಗ್ದ ನಿಮ್ಗೆ. ಅದ್ಲುಬದ್ಲು ಆದ್ರೆ ಅವ್ರು ಕಾಗ್ದ ಟೆಸ್ಟ್ ಮಾಡ್ಬುಡ್ತಾರೆ" ಎಂದು ಕೊಟ್ಟು ಹೋದರು.

ಒಪ್ಪಿದ್ದು ಓದಿ ನನ್ನ ಮುಖ ಹೇಗಾಗಿತ್ತೋ, ನಮ್ಮ ನರ್ಸುಗಳು ಯಾರಿಗೋ ಮದುವೆ ಗೊತ್ತಾಯಿತೇ ಎಂದು ಕೇಳಿದರು. ಕಂಪನಿಯ ಮೈಸೂರು ಮ್ಯಾನೇಜರ್ ಮಧುಕುಮಾರ್ ಮಾತಾಡಲು ಸಿದ್ಧರಿದ್ದಾರೆ. ಅವರ ಷರತ್ತು ಮೂರು. ನವೆಂಬರ್‌ನಿಂದ ಜನವರಿಯವರೆಗೆ ನಾವೆಲ್ಲ ಸೇರಿ ಒಂದೂವರೆ ಸಾವಿರ ಸೆಟ್ಟಿಗೆ ಕಡಿಮೆ ಆಗಬಾರದು. ಒಮ್ಮೆ ಸಹಿ ಹಾಕಿದ ಮೇಲೆ ಅಷ್ಟೂ ತೆಗೆದುಕೊಳ್ಳಲೇಬೇಕು, ವಾಪಸು ಇಲ್ಲ. ನಡುವೆ ಹೆಚ್ಚಿಗೆ ಕೇಳಿದರೂ ಫೆಬ್ರವರಿಯವರೆಗೆ ಕೊಡುವುದಿಲ್ಲ.

ಆದ್ದರಿಂದ ಪ್ರತಿ ಆಸ್ಪತ್ರೆಯೂ ಸರಿಯಾದ ಸಂಖ್ಯೆ ಕೊಡಬೇಕು. ಉಳಿದ ನಾಲ್ಕು ಕಡೆಯಿಂದ ಬಂದಿವೆ: ನಮ್ಮದು 800, ಚಾಮರಾಜನಗರ 500, ಗುಂಡ್ಲುಪೇಟೆ 400, ಕೊಳ್ಳೇಗಾಲ 400. ನೋಡಿದಾಗ ಸಂತೋಷವಾಯಿತು, ಆಮೇಲೆ ಯಾಕೋ ಸಣ್ಣ ಅನುಮಾನ. ಅದು ಏನೆಂದು ನನಗೆ ಹೇಳಲು ಬರುತ್ತಿಲ್ಲ. ನಿಮ್ಮ ಅನುಭವ ಏನು ಹೇಳುತ್ತದೆ?

ಹಂಸಾ


ತಿ. ನರಸೀಪುರ
22 ಸೆಪ್ಟೆಂಬರ್ 2025

ಹಂಸಾ ಮೇಡಂ,

ನಿಮ್ಮ ಅನುಮಾನ ನಾನು ಹೇಳುತ್ತೇನೆ. ಇದನ್ನು ಯಾವ ಸ್ಟೋರ್ ಕೀಪರೂ ಮೇಲಿನವರಿಗೆ ಹೇಳುವುದಿಲ್ಲ. ನೀವು ಕೇಳಿದಿರಿ, ಅದೂ ಮರ್ಯಾದೆಯಾಗಿ ಕೇಳಿದಿರಿ. ಅದಕ್ಕೆ ಹೇಳುತ್ತಿದ್ದೇನೆ.

ಯಾರೂ ನಿಜ ಬರೆಯುವುದಿಲ್ಲ ಮೇಡಂ. ನೂರು ಬೇಕಿದ್ದರೆ ನೂರ ಮೂವತ್ತು ಬರೆಯುತ್ತೇವೆ. ಯಾಕೆ ಅಂದರೆ ಮೇಲಿನವರು ನೋಡದೆಯೇ ಕಾಲು ಭಾಗ ಹೊಡೆದು ಹಾಕುತ್ತಾರೆ. ಹೊಡೆಯುತ್ತಾರೆ ಅಂತ ನಾವು ಸೇರಿಸುತ್ತೇವೆ. ಸೇರಿಸುತ್ತಾರೆ ಅಂತ ಅವರು ಹೊಡೆಯುತ್ತಾರೆ. ಯಾರು ಶುರು ಮಾಡಿದರೋ ಶಿವನಿಗೇ ಗೊತ್ತು. ನಾನು ಕೆಲಸಕ್ಕೆ ಸೇರಿದ ದಿನ ಹಿಂದಿನ ಸ್ಟೋರ್ ಕೀಪರ್ ಬೀಗದ ಕೈ ಕೊಡುವಾಗ ಮೊದಲು ಕಲಿಸಿದ್ದು ಇದೇ: "ಬರೆಯೋ ಕೈ ಉದ್ದ ಇರಲವ್ವ."

ನಿಮಗೆ ಬಂದಿರುವ ಸಂಖ್ಯೆಗಳನ್ನು ಹಾಗೆ ಓದಿಕೊಳ್ಳಿ. ಹೆಸರು ಹೇಳಿ ಯಾರ ಮರ್ಯಾದೆಯನ್ನೂ ತೆಗೆಯಬೇಡಿ.

ನಮಗೆ ಬೇಕಾದದ್ದು ಇನ್ನೂರ ಎಂಬತ್ತಾರು.

ಸಿದ್ದಲಿಂಗಮ್ಮ


ನಂಜನಗೂಡು
16 ಅಕ್ಟೋಬರ್ 2025

ಪ್ರಿಯ ಸಿದ್ದಲಿಂಗಮ್ಮನವರೇ,

ಗೆದ್ದೆವು! ಕೂತು ನಿಧಾನವಾಗಿ ಬರೆಯಬೇಕೆಂದುಕೊಂಡಿದ್ದೆ, ಆಗುತ್ತಿಲ್ಲ.

ನಿನ್ನೆ ಮಧುಕುಮಾರ್ ನಮ್ಮ ಆಸ್ಪತ್ರೆಗೆ ಬಂದರು. ಆರೂ ಆಸ್ಪತ್ರೆಯವರು ಬಂದಿದ್ದರು, ನಿಮ್ಮ ಕಡೆಯಿಂದ ದೊಡ್ಡಸಿದ್ದಯ್ಯನವರು. ಮಧುಕುಮಾರ್ ಬ್ಯಾಗಿನಿಂದ ಆರು ಕವರ್ ತೆಗೆದರು, ಒಂದೊಂದರ ಮೇಲೆ ಒಂದೊಂದು ಆಸ್ಪತ್ರೆಯ ಹೆಸರು, ಅಂಟು ಹಾಕಿ ಮುಚ್ಚಿದ್ದು. "ನಿಮ್ಮ ನಿಮ್ಮ ಸ್ಪೆಷಲ್ ರೇಟು, ಮನೇಲಿ ಓಪನ್ ಮಾಡಿ" ಎಂದು ನಗುತ್ತಾ ಹಂಚಿದರು. ಎಲ್ಲರೂ ಜೇಬಿಗೆ ಇಳಿಸಲು ಹೊರಟಿದ್ದರು. ನಾನು ಯೋಚಿಸಲಿಲ್ಲ, ಯೋಚಿಸಿದ್ದರೆ ಧೈರ್ಯ ಬರುತ್ತಿರಲಿಲ್ಲ. ನನ್ನ ಕವರ್ ಅಲ್ಲೇ ಹರಿದು ಕಾಗದವನ್ನು ಮೇಜಿನ ಮಧ್ಯೆ ಇಟ್ಟೆ. ಆಮೇಲೆ ನಿಮ್ಮ ಅಧ್ಯಕ್ಷರು "ಅಂಗಾದ್ರೆ ನಂದೂ ಬಿಚ್ರೀ" ಎಂದರು. ಒಂದೊಂದಾಗಿ ಆರೂ ಬಿಚ್ಚಿಕೊಂಡವು. ಆರು ದರ!

"ಮೇಡಂ, ಇದು ನಮ್ ಪದ್ಧತಿ ಅಲ್ಲ" ಎಂದು ಮಧುಕುಮಾರ್ ಬೆವರು ಒರೆಸಿಕೊಂಡರು.

"ಪದ್ಧತಿ ನಿಮ್ದು ನೀವೇ ಇಟ್ಕಳಿ, ಆರಕ್ಕೂ ಒಂದ್ ರೇಟು ಏಳಿ. ನಾನು ಭತ್ತ ಕೊಳ್ಳೋನು ಕಣ್ರೀ, ಕೂತಿರ್ತೀನಿ ಸಾಯಂಕಾಲದವರ್ಗೂ" ಎಂದು ದೊಡ್ಡಸಿದ್ದಯ್ಯನವರು ಕುರ್ಚಿಯಲ್ಲೇ ಕಾಲು ಮಡಚಿ ಕೂತರು. ಎರಡೂವರೆ ಗಂಟೆ ನಡೆಯಿತು. ನೀವು ಈಗ ಕೊಡುತ್ತಿರುವುದಕ್ಕಿಂತ ಮೂರನೆಯ ಒಂದು ಭಾಗಕ್ಕೂ ಹೆಚ್ಚು ಇಳಿದಿದೆ. ಜನವರಿಯ ಮೀಟಿಂಗಿಗೆ ಇದಕ್ಕಿಂತ ಏನು ಬೇಕು?

ಪ್ರಮಾಣವನ್ನೂ ಎಚ್ಚರದಿಂದ ಹಾಕಿದ್ದೇನೆ. ನೀವು ಹೇಳಿಕೊಟ್ಟ ಗುಟ್ಟು ಬಹಳ ಉಪಯೋಗಕ್ಕೆ ಬಂತು. ಅದಿಲ್ಲದಿದ್ದರೆ ಬೇಡದ ನೂರಾರು ಸೆಟ್ಟಿಗೆ ಸಹಿ ಹಾಕಿ ಎಲ್ಲರನ್ನೂ ಸಿಕ್ಕಿಸಿಬಿಡುತ್ತಿದ್ದೆ.

ನಿಮ್ಮ,
ಹಂಸಾ


ತಿ. ನರಸೀಪುರ
3 ನವೆಂಬರ್ 2025

ಹಂಸಾ ಮೇಡಂ ಅವರಿಗೆ,

ಸರಕು ತಲುಪಿತು. ಟ್ಯೂಬ್ ಸೆಟ್ ಇನ್ನೂರ ಹದಿನೈದು. ಡಬ್ಬ ಒಡೆದಿಲ್ಲ, ತಾರೀಕು ಸರಿ ಇದೆ. ಇವತ್ತಿನಿಂದ ಹೊಸ ಸೆಟ್ ಬಳಸುತ್ತಿದ್ದೇವೆ. ಹಳೆಯದು ಒಂದೂ ಉಳಿದಿಲ್ಲ.

ಸಿದ್ದಲಿಂಗಮ್ಮ


ನಂಜನಗೂಡು
10 ನವೆಂಬರ್ 2025

ಪ್ರಿಯ ಸಿದ್ದಲಿಂಗಮ್ಮನವರೇ,

ನಿಮ್ಮ ಕಾಗದ ಚಿಕ್ಕದಾಗಿತ್ತು. ಹೊಸ ಸರಕು ಜೋಡಿಸುವ ಗಡಿಬಿಡಿ ಇರಬೇಕು. ಅಥವಾ ನಾನು ಅಕ್ಟೋಬರ್‌ನಲ್ಲಿ ಬರೆದದ್ದರಲ್ಲಿ ನನ್ನದೇ ಹೆಚ್ಚುಗಾರಿಕೆ ಕಂಡಿತೇ?

ಇಲ್ಲಿ ಸುದ್ದಿ ಹಬ್ಬಿದೆ. ಇನ್ನೂ ನಾಲ್ಕು ನರ್ಸಿಂಗ್ ಹೋಮ್‌ನವರು ಸೇರುತ್ತೇವೆ ಎನ್ನುತ್ತಿದ್ದಾರೆ. ಹೆಡತಲೆಯಿಂದ ನಮ್ಮಲ್ಲಿಗೆ ಡಯಾಲಿಸಿಸ್‌ಗೆ ಬರುವ ಮೇಷ್ಟ್ರೊಬ್ಬರು "ಮೇಡಂ, ಬಿಲ್ ಕಮ್ಮಿ ಆಗೈತಲ್ಲ, ಕಂಪ್ಯೂಟ್ರು ತಪ್ಪು ಮಾಡಿರ್ಬೇಕು ನೋಡಿ" ಎಂದು ಬಿಲ್ ವಾಪಸು ತಂದರು! ತಪ್ಪಲ್ಲ ಎಂದು ಒಪ್ಪಿಸಲು ಹತ್ತು ನಿಮಿಷ ಬೇಕಾಯಿತು. ಮೈಸೂರಿನ ಸಭೆಯೊಂದರಲ್ಲಿ ಈ ಬಗ್ಗೆ ಮಾತಾಡಲು ಕರೆದಿದ್ದಾರೆ. ನಿಮ್ಮ ಹೆಸರು ಹೇಳಲೇ?

ಹಂಸಾ


ತಿ. ನರಸೀಪುರ
15 ಡಿಸೆಂಬರ್ 2025

ಹಂಸಾ ಮೇಡಂ ಅವರಿಗೆ,

ಒಂದು ತಿಂಗಳು ಕಾಯ್ದೆ. ಇನ್ನು ಕಾಯುವ ಹಾಗಿಲ್ಲ, ಅದಕ್ಕೆ ಕೇಳುತ್ತಿದ್ದೇನೆ. ಉಳಿದ ಎಪ್ಪತ್ತೊಂದು ಸೆಟ್ ಯಾವಾಗ ಬರುತ್ತದೆ?

ಕಂಪನಿಯವರು ಮೊದಲು ಮುಕ್ಕಾಲು ಕಳಿಸಿ ಉಳಿದದ್ದು ಆಮೇಲೆ ಕಳಿಸುವುದು ಇದ್ದದ್ದೇ. ಹಾಗೆಂದುಕೊಂಡು ಸುಮ್ಮನಿದ್ದೆ. ಕೇಳಿದರೆ ನಿಮ್ಮನ್ನು ನಂಬಲಿಲ್ಲ ಅಂದುಕೊಳ್ಳುತ್ತೀರಿ ಅನ್ನುವ ಸಂಕೋಚ ಬೇರೆ.

ವಾರಕ್ಕೆ ಇಪ್ಪತ್ತೆರಡು ಸೆಟ್ ಬೇಕು. ಈಗ ಉಳಿದಿರುವುದು ಎಂಬತ್ತಮೂರು. ಜನವರಿ ಒಂಬತ್ತರ ಶುಕ್ರವಾರಕ್ಕೆ ಮುಗಿಯುತ್ತದೆ. ಹದಿನೇಳಕ್ಕೆ ಮೀಟಿಂಗು. ಮೆಷಿನ್ ನೋಡಲು ಮೈಸೂರಿನಿಂದ ಕೊಳ್ಳುವವನೊಬ್ಬ ಅವತ್ತೇ ಬರುತ್ತಾನಂತೆ. ಒಂದು ವಾರದಿಂದ ನಿಂತಿರುವ ಮೆಷಿನ್ ಅವನ ಕಣ್ಣಿಗೆ ಬಿದ್ದರೆ ಮುಗಿಯಿತು. ಅದಕ್ಕಿಂತ ಮುಖ್ಯ, ಆ ವಾರ ಹನ್ನೊಂದು ಜನ ಎಲ್ಲಿಗೆ ಹೋಗಬೇಕು?

ಹಳೆಯ ಡೀಲರ್‌ನನ್ನು ಕೇಳಿದೆ. "ಆರ್ ಜನ ಸೇರ್ಕಂಡ್ ನಮ್ ಒಟ್ಟೆ ಮೇಲೆ ಒಡುದ್ರಲ್ಲ, ಈಗ ಆ ಗುಂಪ್ನೇ ಕೇಳ್ಕೋ ಓಗಕ್ಕ" ಅಂದ.

ಸಿದ್ದಲಿಂಗಮ್ಮ


ನಂಜನಗೂಡು
16 ಡಿಸೆಂಬರ್ 2025

ಸಿದ್ದಲಿಂಗಮ್ಮನವರೇ,

ನಿಮ್ಮ ಕಾಗದ ಓದಿ ಹಳೆಯ ಕಾಗದಗಳನ್ನೆಲ್ಲ ತೆಗೆದು ಹರಡಿಕೊಂಡು ಕೂತೆ. ಉಳಿದ ಎಪ್ಪತ್ತೊಂದು ಬರುವುದಿಲ್ಲ. ಅವನ್ನು ನಾನು ತರಿಸಲೇ ಇಲ್ಲ.

ನೀವು ಗುಟ್ಟು ಹೇಳಿದ ದಿನವೇ ಕಂಪ್ಯೂಟರಿನಲ್ಲಿ ಐದೂ ಆಸ್ಪತ್ರೆಗಳ ಸಂಖ್ಯೆಯಿಂದ ಕಾಲು ಭಾಗ ಕಡಿದೆ. ಎಲ್ಲರಿಗೂ ಒಂದೇ ನ್ಯಾಯ ಎಂದುಕೊಂಡೆ, ನಮ್ಮದನ್ನೂ ಕಡಿದೆ. ಯಾರಿಗೂ ಹೇಳಲಿಲ್ಲ. ಮರ್ಯಾದೆ ತೆಗೆಯಬೇಡಿ ಎಂದು ನೀವೇ ಬರೆದಿದ್ದಿರಿ, ಅದನ್ನು ನನಗೆ ಅನುಕೂಲವಾಗುವ ಹಾಗೆ ಅರ್ಥ ಮಾಡಿಕೊಂಡೆ. ಗುಟ್ಟು ಹೇಳಿದವರೂ ಆ ಗುಟ್ಟಿನಂತೆಯೇ ಬರೆದಿರುತ್ತಾರೆ ಎಂದುಕೊಂಡೆ. ಉಳಿದ ನಾಲ್ಕು ಸಂಖ್ಯೆಗಳೂ ಸೊನ್ನೆ ಸೊನ್ನೆಯಲ್ಲಿ ಕೊನೆಯಾಗಿದ್ದವು. ನಿಮ್ಮದು ಮಾತ್ರ ಎಂಬತ್ತಾರು. ಒಬ್ಬೊಬ್ಬರ ಹೆಸರು ಎಣಿಸಿ, ವಾರ ಎಣಿಸಿ ಬರೆದ ಸಂಖ್ಯೆ ಅದು. ಕಣ್ಣ ಮುಂದೆಯೇ ಇತ್ತು. ನಿಮಗೆ ಒಂದು ಸಾಲು ಬರೆದು ಕೇಳಬಹುದಿತ್ತು. ಗೆಲ್ಲುವ ಆತುರದಲ್ಲಿದ್ದೆನೇ? ಅಥವಾ ನಿಮ್ಮನ್ನು ಕೇಳುವ ಅಗತ್ಯವೇ ಇಲ್ಲ ಎಂದುಕೊಂಡಿದ್ದೆನೇ? ಎರಡನೆಯದೇ ನಿಜವಿರಬೇಕು ಎಂದು ಹೆದರಿಕೆಯಾಗುತ್ತಿದೆ.

ಮಧುಕುಮಾರ್‌ಗೆ ಫೋನ್ ಮಾಡಿದೆ. ಫೆಬ್ರವರಿಗಿಂತ ಮೊದಲು ಒಂದೂ ಇಲ್ಲವಂತೆ. ಚಾಮರಾಜನಗರ, ಗುಂಡ್ಲುಪೇಟೆ, ಕೊಳ್ಳೇಗಾಲದ ಡಾಕ್ಟರುಗಳನ್ನು ಹೆಚ್ಚಿಗೆ ಏನಾದರೂ ಇದೆಯೇ ಎಂದು ಕೇಳಿದೆ. ಮೂವರದೂ ಒಂದೇ ಉತ್ತರ: "ನಮ್ಗೇ ಸಾಲ್ದು ಮೇಡಂ." ಏನು ಮಾಡಬೇಕೋ ತೋಚುತ್ತಿಲ್ಲ. ಕ್ಷಮೆ ಕೇಳುವುದರಿಂದ ಮೆಷಿನ್ ಓಡುವುದಿಲ್ಲ, ಗೊತ್ತು. ಆದರೂ ಕೇಳುತ್ತಿದ್ದೇನೆ.

ಹಂಸಾ


ತಿ. ನರಸೀಪುರ
18 ಡಿಸೆಂಬರ್ 2025

ಹಂಸಾ ಮೇಡಂ,

ನಿನ್ನೆಯೇ ಉತ್ತರ ಬರೆದೆ, ಹರಿದು ಹಾಕಿದೆ. ಅದರಲ್ಲಿ ಬೈಗುಳ ಬಿಟ್ಟು ಬೇರೆ ಇರಲಿಲ್ಲ.

ಇಪ್ಪತ್ತೇಳು ವರ್ಷದಲ್ಲಿ ಮೊದಲ ಸಲ ನಿಜ ಬರೆದೆ ಮೇಡಂ. ಆ ಇನ್ನೂರ ಎಂಬತ್ತಾರನ್ನು ಬರೆಯುವ ಮೊದಲು ಮುನ್ನೂರೆಂಬತ್ತು ಬರೆಯೋಣವೇ ಅಂತ ಎರಡು ಸಲ ಪೆನ್ನು ಎತ್ತಿದೆ. ಬೇಡ, ಇವರು ಬೇರೆ ಥರ ಅಂದುಕೊಂಡೆ.

ನಾನೂ ಒಂದು ವಿಷಯ ಮುಚ್ಚಿಟ್ಟಿದ್ದೆ. ಮೊದಲ ಕಾಗದದಲ್ಲಿ ಬರೆದಿದ್ದ ಆ ಕಿಟಕಿ ಪಕ್ಕದ ಮೆಷಿನ್‌ನವರು ನಮ್ಮ ಯಜಮಾನರು. ನಾಲ್ಕು ವರ್ಷದಿಂದ ಡಯಾಲಿಸಿಸ್ ನಡೆಯುತ್ತಿದೆ. ಊರಿಗೆಲ್ಲ ಗೊತ್ತು, ನಿಮಗೆ ಬರೆಯಲಿಲ್ಲ. ಬರೆದಿದ್ದರೆ ನನ್ನ ಸಂಖ್ಯೆಯನ್ನು ಸ್ಟೋರಿನವಳ ಸಂಖ್ಯೆ ಅಂತ ಓದುತ್ತಿರಲಿಲ್ಲ, ಹೆಂಡತಿಯ ಸಂಖ್ಯೆ ಅಂತ ಓದುತ್ತಿದ್ದಿರಿ. ಹೆಚ್ಚಿಗೆ ಬರೆದಿದ್ದಾಳೆ ಅಂತ ಅನುಮಾನ ಪಡುತ್ತಿದ್ದಿರಿ. ಅದನ್ನು ತಪ್ಪಿಸಲು ಹೋದರೂ ಅದೇ ಆಯಿತು ನೋಡಿ. ನಿನ್ನೆ ವಿಷಯ ಹೇಳಿದೆ. ಅವರು ನಕ್ಕರು. "ನಿಜ ಏಳಕ್ಕೆ ನಿಂಗ್ಯಾರಮ್ಮಿ ಏಳಿದ್ದು? ಅಭ್ಯಾಸ ಇಲ್ದಿರೋ ಕೆಲ್ಸ" ಅಂದರು. ಆಮೇಲೆ ಕಿಟಕಿ ಕಡೆ ತಿರುಗಿಕೊಂಡರು.

ಈಗ ಕೆಲಸದ ಮಾತು. ನೀವು ಡಾಕ್ಟರುಗಳನ್ನು ಕೇಳಿದ್ದೀರಿ, ಅಲ್ಲೇ ತಪ್ಪಿದ್ದು. ಅವರಿಗೆ ಗೊತ್ತಿರುವುದಿಲ್ಲ. ಪ್ರತಿ ಸ್ಟೋರಿನಲ್ಲೂ ರಿಜಿಸ್ಟರಿನಲ್ಲಿ ಇಲ್ಲದ ಒಂದು ಮೂಲೆ ಇರುತ್ತದೆ. ಬರೆದುಕೊಂಡ ಹೆಚ್ಚಿನದು ಅಲ್ಲಿ ಕೂತಿರುತ್ತದೆ, ಕಷ್ಟಕಾಲಕ್ಕೆ. ನನ್ನದೂ ಇತ್ತು. ಈ ಸಲ ಇಲ್ಲ. ಊರೂರು ತಿರುಗುವ ಮೊದಲು ನಿಮ್ಮ ಸ್ಟೋರ್ ನೋಡಿ. ಎಂಟು ನೂರು ಅಂತ ಬರೆದವರು ಯಾರು? ನಿಮ್ಮಲ್ಲಿ ಎಷ್ಟು ರೋಗಿಗಳು? ಕೂತು ಎಣಿಸಿ. ಸ್ಟೋರ್ ಕೀಪರ್‌ನನ್ನು ಬೈಯಬೇಡಿ. ಬೈದರೆ ಮೂಲೆ ಬೇರೆ ಕಡೆಗೆ ಹೋಗುತ್ತದೆ, ಅಷ್ಟೆ.

ಸಿದ್ದಲಿಂಗಮ್ಮ


ನಂಜನಗೂಡು
20 ಡಿಸೆಂಬರ್ 2025

ಸಿದ್ದಲಿಂಗಮ್ಮನವರೇ,

ಸಿಕ್ಕಿತು! ಸಿಕ್ಕಿತು! ಎಪ್ಪತ್ತೊಂದು ಸೆಟ್ ರಂಗಸ್ವಾಮಿಯ ಬಸ್ಸಿನಲ್ಲಿ ಹೊರಟಿದೆ, ಈ ಕಾಗದ ಮುಂದಿನ ಬಸ್ಸಿನಲ್ಲಿ ಬರುತ್ತದೆ. ಮೊದಲು ಡಬ್ಬ ಎಣಿಸಿ, ಆಮೇಲೆ ಕಾಗದ ಓದಿ.

ನೀವು ಹೇಳಿದ ಹಾಗೆ ಕೂತು ಎಣಿಸಿದೆ. ನಮ್ಮಲ್ಲಿ ಇಪ್ಪತ್ತಮೂರು ರೋಗಿಗಳು. ಹದಿಮೂರು ವಾರಕ್ಕೆ ಆರು ನೂರೂ ಬೇಕಾಗುವುದಿಲ್ಲ. ನಾನು ಕಡಿದ ಮೇಲೂ ನಮಗೆ ಆರು ನೂರು ಬಂದಿತ್ತು, ಅದರ ಮೇಲೆ ಹಿಂದಿನ ತಿಂಗಳುಗಳ ಉಳಿಕೆ. ನಮ್ಮ ಸ್ಟೋರಿನ ಅಮೃತೇಶ್ ಬಳಿ ಹೋದೆ. ಮೂವತ್ತೈದು ವರ್ಷದ ಅಚ್ಚುಕಟ್ಟು ಮನುಷ್ಯ, ಎದುರು ಮಾತಾಡಿದವರಲ್ಲ. ಬಾಗಿಲಲ್ಲಿ ನಿಂತು ನಿಮ್ಮ ಹನ್ನೊಂದು ಜನರ ವಿಷಯ ಹೇಳಿದೆ. ಮಂಗಳಮ್ಮನವರು ಹೇಳಿದ್ದನ್ನೂ ಹೇಳಿದೆ. ಬೇರೇನೂ ಕೇಳಲಿಲ್ಲ.

ಅವರು ಖಾಲಿ ಆಕ್ಸಿಜನ್ ಸಿಲಿಂಡರುಗಳನ್ನು ಒಂದೊಂದಾಗಿ ಪಕ್ಕಕ್ಕೆ ಉರುಳಿಸಿದರು. ಹಿಂದೆ ಹಳೆಯ ಬೆಡ್‌ಶೀಟ್. ಬೆಡ್‌ಶೀಟ್ ಎತ್ತಿದರೆ ಡಬ್ಬಗಳು, ಗೋಡೆಗೆ ಒರಗಿಸಿ, ತಾರೀಕಿನ ಪ್ರಕಾರ ಜೋಡಿಸಿದ್ದು. ನೂರ ನಾಲ್ಕು ಸೆಟ್!

"ಯಾಕೆ ಅಮೃತೇಶ್?" ಎಂದೆ. ಬೈಯುವ ದನಿ ಬರದಂತೆ ಎಷ್ಟು ಪ್ರಯತ್ನಪಟ್ಟೆನೋ.

"ಮೇಡಂ, ನೀವು ಬಂದು ಆರು ವರ್ಷ ಆಯ್ತು. ನಾನು ಕೇಳಿದ್ದನ್ನ ಒಂದು ಸಲನಾದ್ರೂ ಪೂರ್ತಿ ಕೊಟ್ಟಿದೀರಾ? ಹೋದ ವರ್ಷ ಸೂಜಿ ಮುಗಿದಾಗ ವಾರ್ಡಲ್ಲಿ ಎಲ್ರ ಮುಂದೆ ನಂಗೆ ಬೈದ್ರಿ. ನಾನು ಕೇಳಿದ್ದೆ, ನೀವು ಪಟ್ಟೀಲಿ ಹೊಡ್ದಾಕಿದ್ರಿ. ಇನ್ನು ಮೇಲೆ ಬೈಸ್ಕೋಬಾರ್ದು ಅಂತ ಎತ್ತಿಟ್ಟೆ."

ನನಗೆ ನೆನಪೇ ಇರಲಿಲ್ಲ ಸಿದ್ದಲಿಂಗಮ್ಮನವರೇ. ಬೈದದ್ದು ನೆನಪಿತ್ತು, ಹೊಡೆದದ್ದು ನೆನಪಿರಲಿಲ್ಲ. ನಿಮ್ಮ ಕಾಗದದಲ್ಲಿ "ಮೇಲಿನವರು" ಎಂದು ಓದಿದಾಗ ಯಾರೋ ಬೇರೆಯವರು ಎಂದುಕೊಂಡು ತಲೆದೂಗಿದ್ದೆ! ವಾರ್ಡಿನಲ್ಲಿ ಎಲ್ಲರ ಮುಂದೆ ಬೈದಿದ್ದೆ, ಅಲ್ಲೇ ಎಲ್ಲರ ಮುಂದೆ ಅವರ ಕ್ಷಮೆ ಕೇಳಿದೆ. ಅಮೃತೇಶ್ ಅದಕ್ಕೆ ಇನ್ನಷ್ಟು ಗಾಬರಿಯಾಗಿ "ಬುಡಿ ಮೇಡಂ, ಬುಡಿ ಮೇಡಂ" ಎಂದು ಒಳಗೆ ಓಡಿದರು. ಆಮೇಲೆ ಎಪ್ಪತ್ತೊಂದನ್ನೂ ತಾವೇ ಪ್ಯಾಕ್ ಮಾಡಿ, ಹೊತ್ತು ಬಸ್‌ಸ್ಟ್ಯಾಂಡಿಗೆ ತಂದರು.

ರಂಗಸ್ವಾಮಿಗೆ ಸೀಟು ಬೇಕು ಎಂದೆ. "ಡಬ್ಬಕ್ಕಾ? ಡ್ರೈವರ್ ಇಂದೆ ಮೂರ್ ಸೀಟ್ ಬುಟ್ಟಿವ್ನಿ ಮೇಡಂ, ಟಿಕೆಟ್ ಇಲ್ಲ" ಎಂದರು. ಸುತ್ತೂರು ದಾಟಿದ ಮೇಲೆ ಫೋನ್ ಮಾಡುತ್ತಾರಂತೆ. ಬಸ್ಸು ಹೊರಟ ಮೇಲೂ ನಾನು ಮತ್ತು ಅಮೃತೇಶ್ ಅಲ್ಲೇ ನಿಂತಿದ್ದೆವು. ಇಬ್ಬರಿಗೂ ಸುಮ್ಮನೆ ನಗು ಬರುತ್ತಿತ್ತು.

ಉಳಿದ ಆಸ್ಪತ್ರೆಗಳಿಗೂ ನಾನು ಮಾಡಿದ್ದನ್ನು ಬರೆದು ತಿಳಿಸಿದ್ದೇನೆ. ಕೊಳ್ಳೇಗಾಲದವರು ಕೋಪದಲ್ಲಿದ್ದಾರೆ, ಸರಿಯಾಗಿಯೇ ಇದ್ದಾರೆ. ಫೆಬ್ರವರಿಯ ಆರ್ಡರ್‌ಗೆ ಆರೂ ಸ್ಟೋರ್ ಕೀಪರುಗಳು ಒಂದೇ ಕಡೆ ಕೂರಬೇಕು ಎಂದಿದ್ದೇನೆ, ಡಾಕ್ಟರುಗಳೂ ಬೇಡ, ನನ್ನಂಥವರೂ ಬೇಡ. ನಡೆಸಿಕೊಡುವವರು ನೀವು. ಆಗುವುದಿಲ್ಲ ಎನ್ನಬೇಡಿ.

ನಿಮ್ಮ ಯಜಮಾನರಿಗೆ ನನ್ನ ನಮಸ್ಕಾರ ತಿಳಿಸಿ. ಏನು ಹೇಳಬೇಕೋ ಗೊತ್ತಾಗುತ್ತಿಲ್ಲ, ನಮಸ್ಕಾರ ಎಂದಷ್ಟೇ ಹೇಳಿ.

ಹಂಸಾ


ತಿ. ನರಸೀಪುರ
17 ಜನವರಿ 2026, ಶನಿವಾರ

ಹಂಸಾ,

ಮೇಡಂ ಬಿಟ್ಟಿದ್ದೇನೆ, ತಪ್ಪು ತಿಳಿಯಬೇಡಿ. ಸ್ಟೋರಿನ ಮೇಜಿನ ಮುಂದೆ ನಿಂತುಕೊಂಡೇ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿರುತ್ತದೆ.

ಬೆಳಿಗ್ಗೆ ಹತ್ತಕ್ಕೆ ಟ್ರಸ್ಟಿನವರು ಐದು ಜನ ಬಂದರು, ಜೊತೆಗೆ ಮೆಷಿನ್ ಕೊಳ್ಳುವವನು. ಕೈಯಲ್ಲಿ ಟೇಪು, ಕ್ಯಾಮೆರಾ. ಒಳಗೆ ಹೋದರೆ ಮೂರು ಮೆಷಿನ್ನೂ ಓಡುತ್ತಿವೆ. ಕಿಟಕಿ ಪಕ್ಕ ನಮ್ಮ ಯಜಮಾನರು, ನಡುವೆ ಮಂಗಳಮ್ಮ, ಈ ಕಡೆ ಮಲ್ಲಯ್ಯ ಅಂತ ಒಬ್ಬರು ಹಳೇ ಲಾರಿ ಡ್ರೈವರು. ಕೊಳ್ಳುವವನು ಟೇಪು ಬಿಚ್ಚಿದ.

"ಏನಪ್ಪಾ, ಅಳತೆ ತಗೊಳಕ್ಕೆ ಬಂದ್ಯಾ? ಅಂಗೇ ನಂದೂ ತಗೊಂಡೋಗು, ಅಂಗಿ ಒಲಿಸ್ಬೇಕು" ಅಂದರು ಮಲ್ಲಯ್ಯ. ಮಂಗಳಮ್ಮ ನಗಲು ಹೋಗಿ ಕೈ ಅಲುಗಿಸಿ ನರ್ಸಿನಿಂದ ಬೈಸಿಕೊಂಡಳು. ಅವನು ಟೇಪು ಸುತ್ತಿಕೊಂಡು ಹೊರಗೆ ಹೋದವನು ಮತ್ತೆ ಒಳಗೆ ಬರಲಿಲ್ಲ.

ಮೀಟಿಂಗಿನಲ್ಲಿ ಖರ್ಚಿನ ಪಟ್ಟಿ ಇಟ್ಟೆ. ದೊಡ್ಡಸಿದ್ದಯ್ಯನವರು ಕನ್ನಡಕ ಏರಿಸಿ ಎರಡು ಸಲ ಓದಿದರು. ಅವರು ಹೇಳಿದ್ದಕ್ಕಿಂತಲೂ ಕೆಳಗೆ ಇಳಿದಿತ್ತು. ಒಬ್ಬ ಟ್ರಸ್ಟಿ ಸುಮ್ಮನಿರಲಿಲ್ಲ: "ರಿಜಿಸ್ಟರಲ್ಲಿ ಇನ್ನೂರ ಹದಿನೈದು ಬಂದದೆ ಅಂತಿದೆ. ಅದು ಹೋದ ವಾರಕ್ಕೇ ಮುಗೀಬೇಕಲ್ಲಮ್ಮ? ಮತ್ತೆ ಈಗ ಓಡ್ತಿರೋದು ಯಾವುದ್ರಲ್ಲಿ? ನಂಜನಗೂಡಿಂದ ಸಾಲ ತಂದಿದೀರಂತೆ. ಮುಂದಕ್ಕೂ ಸಾಲದಲ್ಲೇ ನಡೆಸ್ತೀರಾ?"

ಹಂಸಾ, ನಿಮ್ಮ ತಪ್ಪು ಅಂತ ಹೇಳಬಹುದಿತ್ತು. ಹೇಳಿದ್ದರೂ ಸುಳ್ಳಾಗುತ್ತಿರಲಿಲ್ಲ. ಬಾಯಿಗೆ ಬಂದದ್ದು ಬೇರೆ.

"ಸಾಲ ಅಲ್ಲ ಸ್ವಾಮಿ" ಅಂದೆ. "ನಾನು ಬರೆದದ್ದು ಇನ್ನೂರ ಎಂಬತ್ತಾರು. ಕಾಗದ ಇದೆ, ನೋಡಿ. ಅದು ನಮ್ಮ ಪಾಲೇ. ದಾರಿ ತಪ್ಪಿ ಅಲ್ಲಿ ಕೂತಿತ್ತು, ಮನೆಗೆ ಬಂತು."

ದೊಡ್ಡಸಿದ್ದಯ್ಯನವರು ನನ್ನ ಮುಖ ನೋಡಿದರು. ಎಷ್ಟು ವರ್ಷದಿಂದ ನನ್ನ ಪಟ್ಟಿಯಿಂದ ಕಾಲು ಭಾಗ ಹೊಡೆದವರು ಅವರು! "ಕಾಗ್ದ ಬ್ಯಾಡ ಬುಡಮ್ಮ" ಅಂದರು. ಆಮೇಲೆ ಆ ಟ್ರಸ್ಟಿ ಕಡೆ ತಿರುಗಿ, "ಮೆಷಿನ್ ಮಾರೋ ಮಾತು ಇವತ್ಗೆ ಮುಗೀತು. ಕೊಳ್ಳೋಕ್ ಬಂದಿರೋನಿಗೆ ಕಾಫಿ ಕೊಟ್ಟು ಕಳ್ಸಿ" ಅಂದರು. ಅವರ ಕಾಫಿಯನ್ನೂ ಬಿಟ್ಟು ನಾನು ಒಳಗೆ ಓಡಿದೆ.

ಯಜಮಾನರು ಕಣ್ಣು ಮುಚ್ಚಿಕೊಂಡಿದ್ದರು. ನಾನು ಏನೂ ಹೇಳುವ ಮೊದಲೇ "ಓಡ್ಕಂಡ್ ಬಂದೆ ಅಂದ್ರೆ ಮಾರ್ಲಿಲ್ಲ ಅಂತ್ಲೇ. ಸಿಟ್ಟಾಗಿದ್ರೆ ನಡ್ಕಂಡ್ ಬರ್ತಿದ್ದೆ" ಅಂದರು. ನರ್ಸು, ಮಲ್ಲಯ್ಯ, ಮಂಗಳಮ್ಮ ಎಲ್ಲರೂ ಒಟ್ಟಿಗೇ ಮಾತಾಡಲು ಶುರುಮಾಡಿದರು. ಯಾರು ಏನು ಹೇಳಿದರೋ ಒಂದೂ ಕಿವಿಗೆ ಬೀಳಲಿಲ್ಲ.

ಫೆಬ್ರವರಿಯ ಸಭೆ ನಡೆಸಿಕೊಡುತ್ತೇನೆ. ಅಮೃತೇಶ್‌ನನ್ನು ನನ್ನ ಪಕ್ಕದಲ್ಲೇ ಕೂರಿಸಿ, ಅವನಿಗೆ ಕಲಿಸುವುದು ಬಹಳ ಇದೆ. ಆಕ್ಸಿಜನ್ ಸಿಲಿಂಡರ್ ಹಿಂದೆ ಬಚ್ಚಿಡುತ್ತಾರೇನು, ಯಾರಾದರೂ?

ಹೇಳುವುದು ಇನ್ನೂ ಇದೆ, ಆದರೆ ಎರಡು ಗಂಟೆಯ ಪಾಳಿಯವರು ಬಂದು ಬಾಗಿಲಲ್ಲಿ ನಿಂತಿದ್ದಾರೆ. ಮೂರು ಸೆಟ್ ತೆಗೆದುಕೊಡಬೇಕು.

ಸಿದ್ದಲಿಂಗಮ್ಮ